ಒಂದೂವರೆ ಅಂಕದ ಕೆಲಸ

"ಸರಿಯಾಗೇ ಬರೆದಿದ್ದೆಯಲ್ಲೋ. 'ಶುದ್ಧೀಕರಣ'ದ ಹೊಟ್ಟೆ ಸೀಳಿದ್ದನ್ನ ಯಾಕೆ ಅಳಿಸ್ತಾ ಇದ್ದೀಯ?"

"ಸರಿಯಾಗಿದ್ರೆ ಮೇಡಂಗೆ ಗೊತ್ತಾಗ್ಬುಡ್ತದೆ ಕಣಕ್ಕ. ನಮ್ಮ ಹೈದ ಯಾವತ್ತೂ ಹೊಟ್ಟೆ ಸೀಳಿದವನಲ್ಲ."

ಮದ್ದೂರು ಪೇಟೆಯ ಒಂದು ಮನೆ. ಭಾನುವಾರ ರಾತ್ರಿ ಒಂಬತ್ತು ದಾಟಿದೆ. ನಡುಮನೆಯ ನೆಲದ ಮೇಲೆ ಥರ್ಮೋಕೋಲ್ ಹಾಳೆ, ಗೋಂದಿನ ಡಬ್ಬಿ, ಮೂರು ಬಣ್ಣದ ಸ್ಕೆಚ್ ಪೆನ್ನು, ಅಂಗಡಿಯಿಂದ ತಂದ ಚಿತ್ರಪಟ. ಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿರುವ ಮನೆಯ ಯಜಮಾನ ಎಪಿಎಂಸಿ ಯಾರ್ಡಿನ ಎಳನೀರು ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮುಂಬೈ, ದೆಹಲಿಗೆ ಹೋಗುವ ಲಾರಿಗಳ ಚೀಟಿ ಬರೆದೂ ಬರೆದೂ ಅವನ ಅಕ್ಷರ ಅಚ್ಚು ಹೊಡೆದ ಹಾಗಿದೆ. ಇವತ್ತು ಆ ಅಕ್ಷರವನ್ನು ಕೆಡಿಸುವುದೇ ಅವನಿಗೆ ದೊಡ್ಡ ಕೆಲಸ. ಸಾಲು ಎಡಕ್ಕೆ ವಾಲಬೇಕು, ಕೊಂಬು ಅರ್ಧಕ್ಕೇ ನಿಲ್ಲಬೇಕು, ಪುಟಕ್ಕೆ ಒಂದೆರಡಾದರೂ ತಪ್ಪಿರಬೇಕು. ಹತ್ತನೇ ಕ್ಲಾಸಿನ ಮಗನ ವಿಜ್ಞಾನದ ಪ್ರಾಜೆಕ್ಟ್ ಅದು: 'ಜಲ ಮಾಲಿನ್ಯ'. ನಾಳೆ ಬೆಳಗ್ಗೆ ಕೊಡಬೇಕು.

ಪಕ್ಕದಲ್ಲಿ ಕೂತು ನೋಡುತ್ತಿರುವವಳು ಅವನ ಅಕ್ಕ. ಮಳವಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಹಬ್ಬಕ್ಕೆಂದು ತವರಿಗೆ ಬಂದವಳು, ನಾಳೆ ಮೊದಲನೇ ಬಸ್ಸಿಗೆ ಹೊರಡಬೇಕು. ತನ್ನ ಮೇಜಿನ ಮೇಲೆ ಬಂದು ಬೀಳುವ ಪ್ರಾಜೆಕ್ಟುಗಳು ಎಲ್ಲಿ, ಹೇಗೆ, ಯಾರ ಕೈಯಲ್ಲಿ ಹುಟ್ಟುತ್ತವೆ ಎನ್ನುವುದನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಇದಕ್ಕೆ ಎಷ್ಟು ಮಾರ್ಕ್ಸು, ಗೊತ್ತಾ ನಿನಗೆ?"

"ಹದಿನೈದು."

"ಹದಿನೈದು ಯಾತಕ್ಕೆ?"

ತಮ್ಮನ ಪೆನ್ನು ನಿಂತಿತು. ಅಕ್ಕ ಲೆಕ್ಕ ಹೇಳಿದಳು. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಒಂದೊಂದಕ್ಕೂ 15 ಅಂಕದ ಎರಡು ಚಟುವಟಿಕೆ, 20 ಅಂಕದ ಒಂದು ಕಿರುಪರೀಕ್ಷೆ, ಒಟ್ಟು 50. ನಾಲ್ಕೂ ಸೇರಿ 200. ಆ 200ನ್ನು ಇಳಿಸಿ 20 ಮಾಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಲಿಖಿತ ಪರೀಕ್ಷೆಯ 80ರ ಜೊತೆ ಸೇರುವ ಆಂತರಿಕ ಅಂಕ ಇದೇ.

"ಅಂದ್ರೆ ನಿನ್ನ ಈ ಥರ್ಮೋಕೋಲು ಕೊನೆಗೆ ಒಂದೂವರೆ ಅಂಕ. ಅದೂ ಪೂರ್ತಿ ಬಂದ್ರೆ. ಅವನೇ ಬರೆದು 15ಕ್ಕೆ 9 ಬಂತು ಅಂತ ಇಟ್ಕೋ, ಆಗ್ಲೂ 0.9 ಬರುತ್ತೆ. ನಿನ್ನೆ ರಾತ್ರಿ, ಇವತ್ತು ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ನಿನ್ನ ಸಂಪಾದನೆ 0.6."

"ಹಂಗೆ ಲೆಕ್ಕ ಹಾಕ್ಬೇಡ ನೀನು. 2025ರಲ್ಲಿ 625ಕ್ಕೆ 625 ತೆಗೆದವರು 22 ಜನ. ಅವ್ರ ಫೋಟೋ ಪೇಪರಿನ ಮುಖಪುಟದಲ್ಲಿ ಬಂತು. 624 ತಗೊಂಡೋರು ಎಲ್ಲಿ ಬಂದ್ರು, ಯಾರಾದ್ರೂ ನೋಡಿದ್ರಾ?"

"ನಿನ್ನ ಮಗ 624ರ ಹತ್ರ ಇದ್ದಾನಾ?"

"ಇಲ್ಲ. ಅದಕ್ಕೇ ಇಂಟರ್ನಲ್ಸಾದ್ರೂ ಪೂರ್ತಿ ಬರ್ಲಿ ಅಂತ."

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. 2025-26ರಿಂದ ಲಿಖಿತ ಮತ್ತು ಆಂತರಿಕ ಅಂಕಗಳನ್ನು ಕೂಡಿಸಿ 625ಕ್ಕೆ 206 ಬಂದರೆ ಪಾಸು. ವಿಷಯವಾರು ಕನಿಷ್ಠ 30 ಇದ್ದರೆ ಸಾಕು. ಅಂಚಿನಲ್ಲಿ ನಿಂತ ಹುಡುಗನಿಗೆ ಆಂತರಿಕ ಅಂಕವೆಂಬುದು ಊರುಗೋಲು. ಅಂಚಿನಲ್ಲಿಲ್ಲದ ಹುಡುಗರ ಮನೆಗಳಲ್ಲೂ ಅದೇ ಊರುಗೋಲಿಗೆ ಕೈ ಚಾಚುತ್ತಾರೆ ಎನ್ನುವುದು ಬೇರೆ ಮಾತು.

ತಮ್ಮನಿಗೆ ತನ್ನ ವಾದದ ಗಟ್ಟಿ ಭಾಗ ಆಗ ನೆನಪಾಯಿತು. "ನೀವು ಮೇಷ್ಟ್ರುಗಳು ಒಬ್ಬೊಬ್ರೂ ಪ್ರಪಂಚದಲ್ಲಿ ನಿಮ್ಮದೊಂದೇ ಸಬ್ಜೆಕ್ಟು ಇರೋದು ಅನ್ಕಂಡಿದ್ದೀರ. ಗಣಿತದೋರು ಇಪ್ಪತ್ತು ಲೆಕ್ಕ ಕೊಡ್ತಾರೆ, ಇಂಗ್ಲಿಷಿನೋರು ಪಾಠದ ಪ್ರಶ್ನೋತ್ತರ ಎರಡು ಸಲ ಬರ್ಕೊಂಡು ಬಾ ಅಂತಾರೆ, ಸಮಾಜದೋರು ನಕ್ಷೆ. ಹೈದ ಬೆಳಗ್ಗೆ ಏಳೂಮುಕ್ಕಾಲಿಗೆ ಹೋದ್ರೆ ಟ್ಯೂಷನ್ ಮುಗಿಸ್ಕೊಂಡು ಬರೋದು ರಾತ್ರಿ ಏಳೂವರೆಗೆ. ಊಟ ಯಾವಾಗ ಮಾಡ್ಬೇಕು, ಮಲಗೋದು ಯಾವಾಗ? ಬರೆಯೋ ಕೂಲಿ ಕೆಲಸ ನಾನು ಮಾಡ್ತೀನಿ, ಓದೋದು ಅವನು ಓದ್ಕೊಳ್ಳಲಿ. ತಪ್ಪೇನದೆ ಹೇಳು."

ಅಕ್ಕ ತಕ್ಷಣ ಉತ್ತರ ಕೊಡಲಿಲ್ಲ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ತಮ್ಮನ ಕಡೆಗೇ ಇದೆ ಎಂಬುದು ಅವಳಿಗೆ ಗೊತ್ತು. ಎರಡನೇ ತರಗತಿಯವರೆಗೆ ಮನೆಗೆಲಸವೇ ಬೇಡ. ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆ. ಆರರಿಂದ ಎಂಟರವರೆಗೆ ದಿನಕ್ಕೆ ಒಂದು ಗಂಟೆ. ಒಂಬತ್ತರಿಂದ ಮೇಲಕ್ಕೆ ಹೆಚ್ಚೆಂದರೆ ಎರಡು ಗಂಟೆ ಎನ್ನುತ್ತದೆ ಅದು. ಎರಡು ವರ್ಷ ಮೊದಲೇ, 2018ರಲ್ಲಿ, ಮದ್ರಾಸ್ ಹೈಕೋರ್ಟು ಒಂದು, ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಕೂಡದೆಂದು ಹೇಳಿತ್ತು. ಎಳೆಯರ ಪರವಾಗಿ ಕೋರ್ಟು ಮಾತಾಡಿತು. ಹದಿನೈದರ ಹುಡುಗನ ಎರಡು ಗಂಟೆಯನ್ನು ಆರು ವಿಷಯದವರು ಹೇಗೆ ಹಂಚಿಕೊಳ್ಳಬೇಕು ಎಂದು ಕೂತು ಮಾತಾಡುವ ಸ್ಟಾಫ್ ರೂಮು ಅಪರೂಪ.

"ಕೂಲಿ ಕೆಲಸ ಅಂದೆಯಲ್ಲ, ಅದು ಮಾತ್ರ ಸರಿ," ಎಂದಳು ಕೊನೆಗೆ. "ನೋಡ್ಕೊಂಡು ನಕಲು ಮಾಡೋ ಕೆಲಸ ಆಗಿದ್ರೆ ಅದನ್ನ ನೀನು ಮಾಡಿದ್ರೂ ಒಂದೇ, ಅವನು ಮಾಡಿದ್ರೂ ಒಂದೇ, ಯಾರೂ ಮಾಡದಿದ್ರೂ ಒಂದೇ. ಅಂಥದ್ದನ್ನ ಕೊಟ್ಟಿದ್ದು ನಮ್ಮ ತಪ್ಪು. ಬಿಇಒ ಆಫೀಸಿಂದ ಬಂದಾಗ ತೋರಿಸೋಕೆ ಫೈಲು ಬೇಕು. ಫೈಲು ದಪ್ಪಗಿದ್ರೆ ಚಟುವಟಿಕೆ ನಡೆದಿದೆ ಅಂತ ಲೆಕ್ಕ. ಅರವತ್ತು ಪ್ರಾಜೆಕ್ಟು ಬರುತ್ತೆ, ನಲವತ್ತರಲ್ಲಿ ಅದೇ ಅಂಗಡಿಯ ಅದೇ ಚಿತ್ರ: ಸತ್ತ ಮೀನು, ಹೊಗೆ ಉಗುಳೋ ಚಿಮಣಿ, ಗಂಗೆಯಲ್ಲಿ ತೇಲೋ ಹೂವು."

"ನಮ್ಮದ್ರಲ್ಲೂ ಗಂಗೆ ಅದೆ," ಎಂದ ತಮ್ಮ, ಚಿತ್ರಪಟ ಎತ್ತಿ ಹಿಡಿದು.

"ಶಿಂಷೆ ಎಲ್ಲಿದೆ?"

ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ಅಣೆಕಟ್ಟೆ ದಾಟಿ, ಈ ಊರಿನ ಪಕ್ಕದಲ್ಲೇ ಹರಿದು, ಶಿವನಸಮುದ್ರದ ಬಳಿ ಕಾವೇರಿ ಸೇರುವ ಹೊಳೆ ಆ ಪ್ರಾಜೆಕ್ಟಿನ ಹದಿನಾಲ್ಕು ಪುಟಗಳಲ್ಲಿ ಒಂದು ಕಡೆಯೂ ಇರಲಿಲ್ಲ.

ಅಕ್ಕ ತನ್ನ ಶಾಲೆಯ ಒಂದು ಸಂಗತಿ ಹೇಳಿದಳು. ಹೋದ ವರ್ಷ ಅವಳು ಚಿತ್ರಪಟ, ಥರ್ಮೋಕೋಲು ಎರಡನ್ನೂ ಬೇಡವೆಂದಳಂತೆ. ಮನೆ ಹತ್ತಿರದ ಯಾವುದಾದರೂ ಒಂದು ನೀರಿನ ಜಾಗ ನೋಡಿಕೊಂಡು ಬಂದು ಅರ್ಧ ಪುಟ ಬರೆಯಿರಿ, ಅಷ್ಟೇ. ಒಬ್ಬ ಹುಡುಗ ಊರಿನ ಶುದ್ಧ ನೀರಿನ ಘಟಕದ ಮುಂದೆ ನಿಂತು ನೋಡಿ ಬಂದಿದ್ದ. ಕಾಯಿನ್ ಹಾಕಿದರೆ ಕ್ಯಾನು ತುಂಬುವ ಘಟಕ. ಎರಡು ಪೈಪಿನ ಚಿತ್ರ ಬರೆದಿದ್ದ: ಒಂದು ಕ್ಯಾನಿಗೆ, ಇನ್ನೊಂದು ಹಿಂದಿನ ಚರಂಡಿಗೆ. ಎರಡನೇ ಪೈಪಿನ ನೀರು ಬೀಳುವ ಕಲ್ಲಿನ ಮೇಲೆ ಬೆಳ್ಳಗೆ ಉಪ್ಪು ಕಟ್ಟಿದೆ ಎಂದು ಬಾಣದ ಗುರುತು ಹಾಕಿದ್ದ. ಕೆಳಗೆ ಬರೆದಿದ್ದ ವಿವರಣೆ ಮಾತ್ರ ಪೂರಾ ತಪ್ಪು. ಒಳಗಡೆ ನೀರನ್ನು ಕುದಿಸುತ್ತಾರೆ, ಅದಕ್ಕೇ ಉಪ್ಪು ಹೊರಗೆ ಬರುತ್ತದೆ ಎಂದಿದ್ದ.

"ಆ ತಪ್ಪು ನೋಡಿದ ಮೇಲೆ ನನಗೆ ಗೊತ್ತಾಯ್ತು, ಮಾರನೇ ದಿನ ಏನು ಪಾಠ ಮಾಡ್ಬೇಕು ಅಂತ. ಆರ್‌ಒ ಅಂದ್ರೆ ಕುದಿಸೋದಲ್ಲ, ಪೊರೆಯಲ್ಲಿ ಒತ್ತಿ ಹಾಯಿಸೋದು ಅಂತ ಹೇಳೋಕೆ ಹೋದ್ರೆ ಇಡೀ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಜನಕ್ಕೆ ಅದೇ ತಪ್ಪು ಕಲ್ಪನೆ ಇತ್ತು. ಇನ್ನ ಅದೇ ಹುಡುಗನ ಅಪ್ಪ ನಿನ್ನ ಥರ ದುಂಡಗೆ ಬರೆದು ಕಳಿಸಿದ್ದಿದ್ರೆ? ನಾನು ಹದಿನೈದಕ್ಕೆ ಹದಿನೈದು ಕೊಟ್ಟು ಮುಂದಿನ ಪಾಠಕ್ಕೆ ಹೋಗಿರ್ತಿದ್ದೆ."

"ಅಂದ್ರೆ ತಪ್ಪು ಮಾಡ್ಲಿ ಅಂತೀಯ."

"ತಪ್ಪಿದ್ರೆ ನನಗೆ ಕಾಣಲಿ ಅಂತೀನಿ. ನೀನು ಹಾಕ್ತಿರೋದು ಕಳ್ಳ ತಪ್ಪು. ಅವನಿಗೆ ಹೊಟ್ಟೆ ಸೀಳೋಕೆ ಬರಲ್ಲ ಅಂತ ನಿನಗೆ ಗೊತ್ತು, ಅದನ್ನ ಬಚ್ಚಿಟ್ಟು ಕಳಿಸ್ತೀಯ. ಅವನಿಗೆ ಏನು ಅರ್ಥ ಆಗಿಲ್ಲ ಅನ್ನೋದು ನಿನಗೂ ಗೊತ್ತಾಗಲ್ಲ, ಆ ಮೇಡಂಗೂ ಗೊತ್ತಾಗಲ್ಲ."

ಇಲ್ಲಿ ಹೊರಗಿನವರ ಮಾತನ್ನೂ ಒಂದಿಷ್ಟು ಕೇಳಬೇಕು. ಅಮೆರಿಕದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ, ಹನ್ನೊಂದು ಹನ್ನೆರಡರಿಂದ ಹದಿಮೂರು ಹದಿನಾಲ್ಕರ ಮಕ್ಕಳ ಓದಿನಲ್ಲಿ ತಂದೆತಾಯಿಯ ಪಾತ್ರದ ಬಗ್ಗೆ ಬಂದಿದ್ದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮನೆಯವರು ಓದಿನ ಬೆಲೆ ಹೇಳುವುದು, ಮುಂದೇನು ಎಂದು ಮಕ್ಕಳ ಜೊತೆ ಮಾತಾಡುವುದು, ಶಾಲೆಯ ಸಂಪರ್ಕ ಇಟ್ಟುಕೊಳ್ಳುವುದು ಇವೆಲ್ಲ ಫಲಿತಾಂಶದ ಜೊತೆ ಮೇಲಕ್ಕೆ ಸಾಗುತ್ತಿದ್ದವು. ಕೆಳಮುಖವಾಗಿದ್ದದ್ದು ಒಂದೇ: ಹೋಂವರ್ಕಿನಲ್ಲಿ ಕೈ ಹಾಕುವುದು. 2014ರಲ್ಲಿ ಕೀತ್ ರಾಬಿನ್ಸನ್ ಮತ್ತು ಏಂಜೆಲ್ ಹ್ಯಾರಿಸ್ 'ದಿ ಬ್ರೋಕನ್ ಕಂಪಾಸ್' ಪುಸ್ತಕದಲ್ಲಿ ದಶಕಗಳ ಅಂಕಿಅಂಶ ಜಾಲಾಡಿ ಹೆಚ್ಚುಕಡಿಮೆ ಅದೇ ಕಡೆ ಬಂದು ನಿಂತರು.

ಇದನ್ನು ಅಕ್ಕ ತನ್ನ ಧಾಟಿಯಲ್ಲಿ ಹೇಳಿದಾಗ ತಮ್ಮ ಸುಮ್ಮನೆ ಬಿಡಲಿಲ್ಲ. "ದಡ್ಡ ಮಕ್ಕಳಿಗೇ ಅಲ್ವಾ ಅಪ್ಪ ಅಮ್ಮ ಬರೆದುಕೊಡೋದು? ಜ್ವರ ಬಂದೋನೇ ಆಸ್ಪತ್ರೆಗೆ ಹೋಗೋದು. ಆಸ್ಪತ್ರೆಗೆ ಹೋಗಿದ್ದಕ್ಕೇ ಜ್ವರ ಬಂತು ಅಂದಂಗಾಯ್ತು ನಿನ್ನ ಮಾತು."

ಮಂಡಿಯ ಲೆಕ್ಕದವನಿಗೆ ಲೆಕ್ಕದ ಸಂದು ಬೇಗ ಕಾಣುತ್ತದೆ. ಅವನು ಹೇಳಿದ್ದು ಸರಿ. ಇಂಥ ಅಧ್ಯಯನಗಳ ಬಗ್ಗೆ ಬಲ್ಲವರು ಎತ್ತುವ ಆಕ್ಷೇಪವೂ ಅದೇ. ಹಿಂದೆ ಬಿದ್ದ ಮಗುವಿಗೆ ನೆರವು ಹೆಚ್ಚು ಸಿಗುವುದರಿಂದ ನೆರವೇ ಹಿಂದೆ ಬೀಳಿಸಿದ ಹಾಗೆ ಕಾಣಬಹುದು. ಅಕ್ಕ ಅದನ್ನು ಒಪ್ಪಿಕೊಂಡಳು. ಒಪ್ಪಿಕೊಂಡು, "ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನ ಮಾತ್ರೆ ತಾವೇ ನುಂಗ್ತಾರಾ?" ಎಂದಳು.

ಒಳಗಡೆ ಪಾತ್ರೆ ತೊಳೆಯುತ್ತಿದ್ದ ತಮ್ಮನ ಹೆಂಡತಿ ನಕ್ಕದ್ದು ನಡುಮನೆಗೆ ಕೇಳಿಸಿತು.

ಮಾತು ಅಲ್ಲಿಂದ ಪರೀಕ್ಷೆಯ ಕಡೆ ಹೊರಳಿತು. ಮಂಡ್ಯದವರ ಎದುರು ಅದನ್ನು ಎತ್ತುವುದು ಗಾಯಕ್ಕೆ ಕೈ ಹಾಕಿದಂತೆಯೇ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಮೊದಲು, ಮಂಡ್ಯ ಎರಡನೆಯದು, ಹಾಸನ ಮೂರನೆಯದು. ಮಂಡ್ಯದ ಪಾಸಿನ ಪ್ರಮಾಣ ಶೇ. 96ನ್ನು ದಾಟಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಬಂತು, ಅದರ ದೃಶ್ಯ ನೇರವಾಗಿ ಮೇಲಿನ ಕಚೇರಿಗೆ ಹೋಗುವ ವೆಬ್‌ಕಾಸ್ಟಿಂಗ್ ವ್ಯವಸ್ಥೆಯೂ ಬಂತು. ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಮೊದಲ ಮೂರು ಸ್ಥಾನ ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗದ ಪಾಲಾಯಿತು. ಹಿಂದಿನ ವರ್ಷದ ಮೂರೂ ಜಿಲ್ಲೆಗಳು ಆ ಪಟ್ಟಿಯ ತಲೆಯಲ್ಲಿ ಇರಲಿಲ್ಲ. 2025ರಲ್ಲಿ ಕೃಪಾಂಕವನ್ನೂ ತೆಗೆದರು, ಫಲಿತಾಂಶ ಇನ್ನೂ ಕೆಳಗಿಳಿಯಿತು.

"ಎಲ್ಲಾ ಕ್ಯಾಮೆರಾದಿಂದ್ಲೇ ಆಯ್ತಾ? ಆ ಮಕ್ಕಳು ಏಳನೇ ಕ್ಲಾಸು ಓದಿದ್ದು ಕೊರೊನಾದಲ್ಲಿ. ಮೊಬೈಲಲ್ಲಿ ಪಾಠ," ಎಂದ ತಮ್ಮ.

"ಅದೂ ಇದೆ. ಆದ್ರೆ ಒಂಬತ್ತು ವರ್ಷ ಕೈ ಹಿಡ್ಕೊಂಡು ಬರೆಸಿ, ಹತ್ತನೇ ವರ್ಷ ಕ್ಯಾಮೆರಾ ಮುಂದೆ ಒಬ್ಬನ್ನೇ ಕೂರಿಸಿದ್ರೆ ಏನಾಗುತ್ತೆ ಹೇಳು. ಅಲ್ಲಿ ನೀನು ಹೋಗಿ ಅಕ್ಷರ ವಾಲಿಸೋಕೆ ಆಗುತ್ತಾ?"

"2021ರಲ್ಲಿ ಎಲ್ಲಾರೂ ಪಾಸಾದ್ರಲ್ಲ."

"ಒಬ್ಬರು ಬಿಟ್ಟು!"

ಇದು ನಿಜವಾಗಿ ನಡೆದದ್ದು. ಕೋವಿಡ್ ನಡುವೆ 2021ರ ಜುಲೈನಲ್ಲಿ ಎರಡೇ ದಿನ ಪರೀಕ್ಷೆ ನಡೆಯಿತು, ಬರೀ ಬಹುಆಯ್ಕೆ ಪ್ರಶ್ನೆ, ಒಎಂಆರ್ ಹಾಳೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಪಾಸಾಗದೆ ಉಳಿದದ್ದು ಒಂದೇ ಒಂದು ನೋಂದಣಿ ಸಂಖ್ಯೆ. ಆ ಅಭ್ಯರ್ಥಿಯ ಬದಲು ಬೇರೆಯವರು ಬಂದು ಪರೀಕ್ಷೆ ಬರೆದಿದ್ದರು! ಎಲ್ಲರನ್ನೂ ಪಾಸು ಮಾಡಲು ಸರ್ಕಾರವೇ ಸಿದ್ಧವಾಗಿದ್ದ ವರ್ಷದಲ್ಲಿ, ತಾನೇ ಹೋಗಿ ಸುಮ್ಮನೆ ಕೂತು ಬಂದಿದ್ದರೂ ಸಾಕಾಗುತ್ತಿತ್ತು. ಬೇರೆಯವರ ಕೈಯಿಂದ ಬರೆಸುವ ಚಾಳಿಯ ಬಗ್ಗೆ ಕತೆಗಾರರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರರು.

ತಮ್ಮನೂ ನಕ್ಕ. ನಗುತ್ತಲೇ ಗೋಡೆಯ ಕಡೆ ನೋಡಿದ. ಮಂಡ್ಯ ಸೀಮೆಯ ಬಹಳಷ್ಟು ಮನೆಗಳ ಹಾಗೆ ಅಲ್ಲೂ ನಾಲ್ವಡಿಯವರ ಪಕ್ಕ ಪೇಟ ಕಟ್ಟಿದ ವಿಶ್ವೇಶ್ವರಯ್ಯ. "ಈಗ ನೀನು ಅವರ ಕತೆ ತೆಗೀತೀಯ ಅಂತ ಗೊತ್ತು. ಬೀದಿದೀಪದ ಕೆಳಗೆ ಓದಿದ್ರು ಅಂತ."

"ಬೀದಿದೀಪ ಬಿಡು. ಹುಡುಗನಾಗಿದ್ದಾಗಲೇ ಅಪ್ಪ ತೀರಿಕೊಂಡ್ರು, ಬೆಂಗಳೂರಿಗೆ ಬಂದು ಓದೋವಾಗ ಅನುಕೂಲಸ್ಥರ ಮನೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನೋಡ್ಕೊಂಡ್ರು. 1881ರಲ್ಲಿ ಬಿ.ಎ. ಬೇರೆಯವರ ಮಕ್ಕಳ ಪಾಠದಲ್ಲೇ ಅವರ ಊಟ ನಡೀತಿತ್ತು."

"ಆಗ ಥರ್ಮೋಕೋಲ್ ಇರ್ಲಿಲ್ಲ ಕಣಕ್ಕ."

ತಮ್ಮನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಹತ್ತಿರ ಕೂತಳು. ಅವಳ ತವರು ಮಳವಳ್ಳಿ ಕಡೆಯ ಹಳ್ಳಿ, ರೇಷ್ಮೆ ಮನೆ. ಇಷ್ಟು ಹೊತ್ತೂ ಕೇಳಿಸಿಕೊಂಡವಳಿಗೆ ಈ ವಾದದ ಬುಡವೇ ಸರಿಯಿಲ್ಲ ಅನ್ನಿಸಿದಂತಿತ್ತು.

"ನೀವಿಬ್ರೂ ಅಪ್ಪ ಅಮ್ಮ ಬರ್ಕೊಡಬೇಕಾ ಬೇಡ್ವಾ ಅಂತ ಜಗಳ ಆಡ್ತಾ ಇದ್ದೀರಲ್ಲಕ್ಕ, ನಮ್ಮಪ್ಪನಿಗೆ ಸಹಿ ಹಾಕೋದು ಬಿಟ್ರೆ ಇನ್ನೇನೂ ಬರ್ತಿರಲಿಲ್ಲ. ನಾನು ಹತ್ತನೇ ಕ್ಲಾಸಲ್ಲಿ ಇದ್ದಾಗ ಪ್ರಿಪರೇಟರಿ ಪರೀಕ್ಷೆ ವಾರದಲ್ಲೇ ಹುಳ ನಾಲ್ಕನೇ ಜ್ವರ ಎದ್ದವು. ಆಮೇಲೆ ಗೊತ್ತಲ್ಲ, ಹಗಲು ರಾತ್ರಿ ಸೊಪ್ಪು. ಹಣ್ಣಾದ ದಿನ ಮನೇಲಿದ್ದೋರೆಲ್ಲಾ ಹುಳ ಆರಿಸಿ ಚಂದ್ರಿಕೆಗೆ ಬಿಡಬೇಕು, ಒಂದು ಗಂಟೆ ತಡ ಆದ್ರೂ ತಟ್ಟೇಲೇ ನೂಲು ಬಿಟ್ಬುಡ್ತವೆ. ಗಣಿತದ ಪರೀಕ್ಷೆ ಹಿಂದಿನ ರಾತ್ರಿ ನಾನು ಹುಳ ಆರಿಸ್ತಾ ಇದ್ದೆ. ನನ್ನ ಹೋಂವರ್ಕು ಯಾರೂ ಮಾಡ್ಲಿಲ್ಲ, ಅವರ ಹೋಂವರ್ಕು ನಾನು ಮಾಡಿಕೊಟ್ಟೆ."

"ಪಾಸಾದೆ ತಾನೇ?" ಗಂಡ ಕೇಳಿದ.

"ಗಣಿತ ಹೋಯ್ತು. ಮದುವೆ ಮಾತುಕತೆಯಲ್ಲಿ ನಿಮಗೆ ಹೇಳಿರಲಿಲ್ಲವಾ?"

2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇ. 70.40. ಹೆಂಗಸರಲ್ಲಿ ಇನ್ನೂ ಕಡಿಮೆ. ಅಂದರೆ ಕಬ್ಬಿನ ಕಟಾವಿಗೆ ಹೋಗಿ ಬಂದು ಹಟ್ಟಿಯ ಕೆಲಸ ಮುಗಿಸಿ ಮಲಗುವ ಎಷ್ಟೋ ತಾಯಂದಿರಿಗೆ ಮಗನ ಪ್ರಾಜೆಕ್ಟ್ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆ ಎದುರಾಗುವುದೇ ಇಲ್ಲ. ಬಿಸಿಎಂ ಹಾಸ್ಟೆಲಿನಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಇರುವ ಮಕ್ಕಳಿಗೂ ರಾತ್ರಿ ಪಕ್ಕದಲ್ಲಿ ಅಪ್ಪನಿಲ್ಲ. ಈ ಮಕ್ಕಳ ವಾಲಿದ ಅಕ್ಷರ ನಿಜವಾಗಿಯೂ ವಾಲಿದ್ದು. ಮಂಡಿಯ ಲೆಕ್ಕದವನು ವಾಲಿಸಿ ಬರೆದ ಹದಿನಾಲ್ಕು ಪುಟ, ಥರ್ಮೋಕೋಲಿನ ಮಾದರಿ ಸಮೇತ, ಅದೇ ಮೇಜಿನ ಮೇಲೆ ಅದರ ಪಕ್ಕದಲ್ಲೇ ಬಂದು ಕೂರುತ್ತದೆ. ಅಲ್ಲಿ ಶಿಕ್ಷಕಿ ತೂಗುವುದು ಎರಡು ಮನೆಗಳನ್ನು. ಅಂಕ ಬರೆಯುವುದು ಮಾತ್ರ ಇಬ್ಬರು ಮಕ್ಕಳ ಹೆಸರಿನ ಮುಂದೆ. ಹೋಂವರ್ಕ್ ಬರೆದುಕೊಡುವ ತಂದೆ ತನ್ನ ಮಗನಿಗೆ ಮಾಡುವ ಕೆಡುಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಕ್ಕದ ಬೆಂಚಿನವನಿಗೆ ಆಗುವ ಅನ್ಯಾಯ ಯಾರ ಮಾತಿನಲ್ಲೂ ಬರುವುದಿಲ್ಲ.

"ನಿಜ ಹೇಳ್ತೀನಿ ಕೇಳಿ," ಹೆಂಡತಿ ಗಂಡನ ಕಡೆ ತಿರುಗಿದಳು. "ನೀವು ಬರೀತಿರೋದು ಅವನ ಮಾರ್ಕ್ಸಿಗಲ್ಲ. ಪೇರೆಂಟ್ಸ್ ಮೀಟಿಂಗಲ್ಲಿ ಪ್ರಾಜೆಕ್ಟ್ ಎಲ್ಲಾ ಮೇಜಿನ ಮೇಲೆ ಜೋಡಿಸಿಡ್ತಾರಲ್ಲ, ಅದಕ್ಕೆ. ಹೋದ ಸಲ ಬ್ಯಾಂಕ್ ಮ್ಯಾನೇಜರ್ ಮಗನದ್ದು ಬಲ್ಬ್ ಹತ್ತುತ್ತಿತ್ತು, ನಮ್ಮವನದ್ದು ಹತ್ತಲಿಲ್ಲ. ಆವತ್ತಿಂದ ನಿಮಗೆ ಇದು ಹಿಡ್ಕಂಡದೆ."

ಗಂಡ ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತ. ಇಂಥ ಹೊತ್ತಿನಲ್ಲಿ ಅಕ್ಕಂದಿರು ತಮ್ಮಂದಿರ ಕಡೆ ನಿಲ್ಲುತ್ತಾರೆ. "ಬಿಡವ್ವ, ಇವನೊಬ್ನೇ ಅಲ್ಲ. ನಮ್ಮ ಸ್ಟಾಫ್ ರೂಮಿನೋರೇ ಅವರವರ ಮಕ್ಕಳಿಗೆ ಮಾಡಿಕೊಡ್ತಾರೆ," ಎಂದಳು. ಆಮೇಲೆ ತಮ್ಮನಿಗೆ, "ಅಲ್ಲ ಕಣೋ, ಇಷ್ಟಕ್ಕೂ ಅವನೆಲ್ಲಿ? ಮಲಗಿದ್ನಾ?"

"ಇಲ್ಲ. ಒಳಗಡೆ ಬೆಳೆ ಸಮೀಕ್ಷೆ ಅಪ್‌ಲೋಡ್ ಮಾಡ್ತಾವ್ನೆ."

"ಏನು?"

"ಅದೇ, ಮುಂಗಾರಿಂದು. ಅಪ್ಪಯ್ಯನ ಹೆಸರಲ್ಲಿರೋ ಜಮೀನಿಂದು. ಸರ್ವೆ ನಂಬರ್ ಹಾಕಿ, ಯಾವ ಬೆಳೆ, ಎಷ್ಟು ಗುಂಟೆ ಅಂತ ಹೊಡ್ದು, ಅಲ್ಲೇ ನಿಂತ್ಕೊಂಡು ಫೋಟೋ ತೆಗೀಬೇಕು. ಬೆಳಗ್ಗೆ ತೋಟಕ್ಕೆ ಹೋಗಿ ತೆಗ್ದ. ಅಲ್ಲಿ ನೆಟ್‌ವರ್ಕ್ ಸಿಗಲ್ಲ, ಅದಕ್ಕೆ ಈಗ ಹಾಕ್ತಾವ್ನೆ. ನನಗೆ ಆ ಆ್ಯಪು ತಲೆಗೆ ಹತ್ತಲ್ಲ."

ಅಕ್ಕ ತಮ್ಮನ ಮುಖವನ್ನೇ ನೋಡಿದಳು. ತಮ್ಮನಿಗೆ ಇನ್ನೂ ಹೊಳೆದಿರಲಿಲ್ಲ.

ಅವಳು ಒಂದೊಂದಾಗಿ ಕೇಳುತ್ತಾ ಹೋದಳು. ಅಜ್ಜಿಯ ಗೃಹಲಕ್ಷ್ಮಿ ಎರಡು ಸಾವಿರ ಬಂತೋ ಇಲ್ಲವೋ ನೋಡುವವರು ಯಾರು? ಅವನೇ. ಪಹಣಿಗೆ ಆಧಾರ್ ಜೋಡಿಸಿದ್ದು? ಅವನೇ, ಸೈಬರಿನವನು ನೂರು ಕೇಳಿದ ಅಂತ. ಡೇರಿಯಲ್ಲಿ ಹಾಲು ಹಾಕಿದ ಚೀಟಿಯ ಫ್ಯಾಟು, ಲೀಟರು ಕೂಡಿ ಬಟವಾಡೆಗೆ ತಾಳೆ ನೋಡುವುದು? ಅವನೇ. ಅಮ್ಮನ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ?

"ಅದೂ ಅವನೇ ಬರೆಯೋದು," ಎಂದಳು ಅಮ್ಮ, ಸ್ವಲ್ಪ ನಾಚಿಕೊಂಡು. "ನಾವು ಹೇಳ್ತೀವಿ, ಅವನು ಬರೀತಾನೆ. 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತೆಲ್ಲಾ ಚೆಂದಾಗಿ ಬರೀತಾನೆ."

"ಅವನು ಬರೆದ ಆ ಪುಸ್ತಕ ತಗೊಂಡು ಬಾ ಇಲ್ಲಿ."

ಉದ್ದನೆಯ ಲೆಕ್ಕದ ಪುಸ್ತಕ ಬಂತು. ಅಕ್ಷರ ವಾಲಿತ್ತು, ಕೊಂಬು ಅರ್ಧಕ್ಕೆ ನಿಂತಿತ್ತು, ಮಹಾಪ್ರಾಣಗಳು ಒಂದೂ ಇರಲಿಲ್ಲ. ಆದರೆ ಎಂಟು ಜನ ಹೆಂಗಸರ ಸಾಲ, ಕಂತು, ಬಡ್ಡಿ, ಬಾಕಿ ನಾಲ್ಕು ಕಾಲಮ್ಮಿನಲ್ಲಿ ಒಂದು ರೂಪಾಯಿಯೂ ತಪ್ಪದೆ ಕೂತಿದ್ದವು. ಒಂದು ಕಡೆ ಯಾರೋ ಕಂತು ತಪ್ಪಿಸಿದ್ದಕ್ಕೆ, 'ಮಗಳ ಬಾಣಂತನವಿದ್ದುದರಿಂದ ಮುಂದಿನ ತಿಂಗಳು ಎರಡು ಕಂತು ಕಟ್ಟುವುದಾಗಿ ಒಪ್ಪಿದರು' ಎಂದು ಷರಾ ಬರೆದಿದ್ದ.

ಅಕ್ಕ ಪುಟ ತಿರುಗಿಸುತ್ತಾ ಹೇಳಿದಳು: "ಎಂಟು ಜನರ ದುಡ್ಡು ಇವನ ಕೈಲಿ ಬರೆಸ್ತೀರ. ತಾತನ ಜಮೀನು ಇವನ ಕೈಲಿ ಸರ್ಕಾರಕ್ಕೆ ತೋರಿಸ್ತೀರ. ಜಲ ಮಾಲಿನ್ಯ ಅಂತ ಹತ್ತು ಸಾಲು ಬರೆಯೋಕೆ ಮಾತ್ರ ಇವನು ಮಗು."

"ಅದು ಮನೆ ಕೆಲಸ ಅಲ್ವಾ..." ಎಂದು ಶುರು ಮಾಡಿದ ತಮ್ಮ, ಮಾತನ್ನು ಅಲ್ಲಿಗೇ ಬಿಟ್ಟ.

ಅಷ್ಟರಲ್ಲಿ ಹುಡುಗನೇ ಮೊಬೈಲು ಹಿಡಿದು ಹೊರಗೆ ಬಂದ. ಮೀಸೆ ಈಗಷ್ಟೇ ಚಿಗುರುತ್ತಿರುವ ಮುಖ. "ಅಪ್ಲೋಡ್ ಆಯ್ತು. ಒಂದು ಪ್ಲಾಟಿಂದು ರಿಜೆಕ್ಟ್ ಆಗದೆ, ಹಿಪ್ಪುನೇರಳೆ ಅಂತ ಹಾಕೋ ಕಡೆ ತೆಂಗು ಅಂತ ಹೋಗದೆ. ನಾಳೆ ಇನ್ನೊಂದ್ಸಲ ಹೋಗ್ಬೇಕು." ನಡುಮನೆಯಲ್ಲಿ ಮೂ‌ವರೂ ತನ್ನನ್ನೇ ನೋಡುತ್ತಿರುವುದು ಕಂಡು, "ಏನತ್ತೆ?" ಎಂದ.

"ಏನಿಲ್ಲ ಮಗ. ಈ ಪ್ರಾಜೆಕ್ಟಲ್ಲಿ ಏನಿದೆ ಅಂತ ಗೊತ್ತಾ ನಿನಗೆ?"

"ಗೊತ್ತಿಲ್ಲ. ಅಪ್ಪ ಬರೀತಾವ್ರೆ. ನಾನು ಚಾಟ್‌ಜಿಪಿಟಿಲಿ ತೆಗೀತೀನಿ ಅಂದೆ, ಬೇಡ ಅಂದ್ರು. ಅದು ಮೋಸ ಅಂತ."

ಅಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಅಪ್ಪನೂ ನಗಬೇಕಾಯಿತು.

ಅತ್ತೆ ಚೌಕಾಸಿಗೆ ಇಳಿದವಳಂತೆ ಹುಡುಗನ ಎದುರು ಕೂತಳು. ಹದಿನಾಲ್ಕು ಪುಟ ಬೇಡ, ಎರಡು ಸಾಕು. ಬೆಳಗ್ಗೆ ತೋಟಕ್ಕೆ ಹೋಗುವಾಗ ಶಿಂಷಾ ಸೇತುವೆ ದಾಟಬೇಕಲ್ಲ, ಅಲ್ಲಿ ಕೆಳಗಿಳಿದು ಐದು ನಿಮಿಷ ನಿಲ್ಲು. ನೀರಿನ ಬಣ್ಣ, ವಾಸನೆ, ದಡದಲ್ಲಿ ಏನು ಬಿದ್ದಿದೆ, ಯಾವ ಮೋರಿ ಬಂದು ಸೇರುತ್ತದೆ, ಕಂಡದ್ದನ್ನು ಬರಿ. ಹೇಗೂ ಫೋಟೋ ತೆಗೆಯುತ್ತೀಯ, ಒಂದು ಅದಕ್ಕೂ ತೆಗೆ. ಅರ್ಥವಾಗದ ಕಡೆ ಗೊತ್ತಿಲ್ಲ ಅಂತಲೇ ಬರಿ. ನಿಮ್ಮ ಮೇಡಂ ಬೈದರೆ ನನ್ನ ನಂಬರ್ ಕೊಡು.

"ಎಷ್ಟು ಮಾರ್ಕ್ಸ್ ಹೋಗುತ್ತೆ ಅತ್ತೆ?"

"0.6."

ಹುಡುಗ ಒಂದು ಕ್ಷಣ ಯೋಚಿಸಿದ. ಅಪ್ಪನ ಮಗನೇ, ಲೆಕ್ಕ ಅವನಿಗೂ ಬೇಗ ಬರುತ್ತದೆ.

"ಸರಿ. ನನ್ನದು ನಾನೇ ಬರ್ಕೊತೀನಿ. ಹಂಗಾದ್ರೆ ಆ ರಿಜೆಕ್ಟ್ ಆಗಿರೋ ಪ್ಲಾಟಿನ ಫೋಟೋ ಅಪ್ಪನೇ ತೆಗೀಲಿ. ಸಂಘದ ಪುಸ್ತಕ ಅಮ್ಮನೇ ಬರೀಲಿ. ಅಜ್ಜಿದು ಪಿಎಂ ಕಿಸಾನ್ ಕೆವೈಸಿ ಮಂಗಳವಾರ ಮಾಡ್ಸೋದದೆ, ಅದೂ ಅಪ್ಪನೇ."

"ಲೇ, ಅದು ಬೇರೆ ಇದು ಬೇರೆ ಕಣ್ಲಾ," ಎಂದ ಅಪ್ಪ, ಗೋಂದು ಅಂಟಿದ ಬೆರಳು ಲುಂಗಿಗೆ ಒರೆಸಿಕೊಳ್ಳುತ್ತಾ. "ಅದರ ಒಟಿಪಿ ಯಾರ ಫೋನಿಗೆ ಬತ್ತದೆ?"